ಕೆಟ್ಟು ನಿಂತ ಸ್ಕಿಡ್ ಸ್ಟಿಯರ್ ಎತ್ತಿಸಿದ್ದು: ನೆಲಮಂಗಲದ ರಿಕವರಿ ತಂಡದ ಬಗ್ಗೆ

ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಬಿಲ್ಲಿಗೆ ಎರಡು. ಈ ತಂಡಕ್ಕೆ ಬೋರ್ಡ್ ಇಲ್ಲ, ಆಫೀಸೂ ಇಲ್ಲ. ಒಂದು ಫ್ಲಾಟ್‌ಬೆಡ್ ಲಾರಿ, ಮೂವರು ಹುಡುಗರು, ಐವತ್ತು ದಾಟಿದ ಒಬ್ಬ ಮೇಸ್ತ್ರಿ, ಅಷ್ಟೇ. ಪೀಣ್ಯದಲ್ಲಿ ಹೈಡ್ರಾಲಿಕ್ ರಿಪೇರಿ ಮಾಡುವವರನ್ನು ವಿಚಾರಿಸಿದರೆ ನಂಬರ್ ಸಿಗುತ್ತದೆ.

ನಾನು ಸ್ಕಿಡ್ ಸ್ಟಿಯರ್ ಲೋಡರ್‌ಗಳನ್ನು, ಅಂದರೆ ಮುಂದೆ ಬಕೆಟ್ ಇರುವ ನಾಲ್ಕು ಚಕ್ರದ ಪುಟ್ಟ ಗಾಡಿಗಳನ್ನು, ಸೈಟಿಗೆ ಬಾಡಿಗೆ ಬಿಡುತ್ತೇನೆ. ಒಂದು ಗಾಡಿ ಬೆಂಗಳೂರಿನ ಹೂಡಿ ಹತ್ತಿರದ ಅಪಾರ್ಟ್‌ಮೆಂಟ್ ಸೈಟಿನ ಬೇಸ್‌ಮೆಂಟ್‌ನಲ್ಲಿ ಮಣ್ಣು, ಒಡೆದ ಕಾಂಕ್ರೀಟ್ ತೆಗೆಯುತ್ತಿತ್ತು. ಮೊದಲು ಎಡಗಡೆ ಎಳೆತ ಕಡಿಮೆಯಾಯಿತು, ಆಮೇಲೆ ಎರಡೂ ಕಡೆ ನಿಂತೇ ಹೋಯಿತು. ಬಕೆಟ್ ಅರ್ಧ ಮೇಲಿತ್ತು, ಒಳಗೆ ಲೋಡೂ ಇತ್ತು. ಮೆಕ್ಯಾನಿಕ್ ಬಂದು ಹೈಡ್ರಾಲಿಕ್ ಫಿಲ್ಟರ್ ಕತ್ತರಿಸಿ ನೋಡಿದರೆ ಒಳಗೆಲ್ಲ ಮಿಣುಗುವ ಲೋಹದ ಪುಡಿ. "ಇನ್ನು ಸ್ಟಾರ್ಟ್ ಮಾಡಬೇಡಿ, ಇದ್ದ ಮೋಟರೂ ಹೋಗುತ್ತೆ" ಅಂದ. ಗಾಡಿಯನ್ನು ಅದರ ಕಾಲ ಮೇಲೆ ಹೊರಗೆ ತರುವ ಮಾತು ಅಲ್ಲಿಗೆ ಮುಗಿಯಿತು.

ಮೊದಲು ಸಿಕ್ಕಿದ್ದು ಒಬ್ಬ ಮಾಮೂಲಿ ಟೋಯಿಂಗ್‌ನವನು. ಬಂದವನೇ ಎಳೆಯುವ ಚೈನ್ ಹೊರತೆಗೆದು, "ನ್ಯೂಟ್ರಲ್‌ಗೆ ಹಾಕಿ ಸಾರ್, ಜೆಸಿಬಿಯಲ್ಲಿ ಎಳೆದುಬಿಡೋಣ" ಅಂದ. ಈ ಗಾಡಿಗೆ ನ್ಯೂಟ್ರಲ್ ಗೇರ್ ಎಲ್ಲಿದೆ? ಗೇರ್‌ಬಾಕ್ಸೂ ಇಲ್ಲ, ಕ್ಲಚ್ಚೂ ಇಲ್ಲ. ಇಂಜಿನ್ ಎರಡು ಪಂಪ್ ತಿರುಗಿಸುತ್ತದೆ. ಒಂದೊಂದು ಪಂಪಿನ ಎಣ್ಣೆ ಒಂದೊಂದು ಕಡೆಯ ಡ್ರೈವ್ ಮೋಟರಿಗೆ ಹೋಗುತ್ತದೆ. ಆ ಮೋಟರ್ ಚೈನ್ ಮೂಲಕ ತನ್ನ ಕಡೆಯ ಎರಡೂ ಚಕ್ರ ತಿರುಗಿಸುತ್ತದೆ. ಪಂಪ್ ನಿಂತರೆ ಎಣ್ಣೆಗೆ ಹೋಗಲು ದಾರಿಯಿಲ್ಲ, ಚಕ್ರ ಅಲ್ಲೇ ಬಿಗಿ. ಬಲವಂತವಾಗಿ ಎಳೆದರೆ ಮೋಟರೇ ಪಂಪಿನ ಹಾಗೆ ಉಲ್ಟಾ ಕೆಲಸ ಮಾಡುತ್ತದೆ. ಒಳಗೆ ಪ್ರೆಷರ್ ಏರುತ್ತದೆ. ಹೊಸ ಎಣ್ಣೆ ತುಂಬಿಸುವ ಚಾರ್ಜ್ ಪಂಪೂ ಸತ್ತಿರುವುದರಿಂದ ಎಲ್ಲ ಕಾದು ಸವೆಯುತ್ತದೆ. ಜೊತೆಗೆ ನನ್ನ ಗಾಡಿಯ ಬ್ರೇಕ್ ಸ್ಪ್ರಿಂಗಿನದು. ಎಣ್ಣೆಯ ಪ್ರೆಷರ್ ಇದ್ದರೆ ಮಾತ್ರ ಬಿಡುತ್ತದೆ, ಇಲ್ಲದಿದ್ದರೆ ಹಿಡಿದೇ ಇರುತ್ತದೆ. ನನ್ನದು ಬಾಬ್‌ಕ್ಯಾಟ್ ಕಂಪನಿಯ ಗಾಡಿ ಅಲ್ಲ, ಆದರೂ ಒಂದು ಅಂದಾಜಿಗೆ ಹೇಳುತ್ತೇನೆ. ಬಾಬ್‌ಕ್ಯಾಟ್‌ನ ಕೆಲವು ಮಾಡೆಲ್‌ಗಳ ಮ್ಯಾನುಯಲ್‌ನಲ್ಲಿ ಎಳೆಯುವುದಕ್ಕೆ ಇರುವ ಮಿತಿ 25 ಅಡಿ, ಅದೂ ಗಂಟೆಗೆ 2 ಮೈಲಿ ಮೀರದ ಹಾಗೆ. ಲಾರಿಗೆ ಹತ್ತಿಸುವಷ್ಟು ದೂರ, ಅಷ್ಟೇ. ಇಡೀ ಬೇಸ್‌ಮೆಂಟ್ ದಾಟಿ ರ್‍ಯಾಂಪ್ ಹತ್ತಿಸುವುದು ಅದರಲ್ಲಿ ಬರುವುದಿಲ್ಲ. ಅವನಿಗೆ ಬಂದು ಹೋದ ಡೀಸೆಲ್ ದುಡ್ಡು ಕೊಟ್ಟು ಕಳಿಸಿದೆ.

ನೆಲಮಂಗಲದ ಮೇಸ್ತ್ರಿಗೆ ಫೋನ್ ಮಾಡಿದಾಗ ಆತ ರೇಟ್ ಹೇಳಲೇ ಇಲ್ಲ, ಪ್ರಶ್ನೆ ಕೇಳಿದರು. ಬೂಮ್, ಅಂದರೆ ಬಕೆಟ್ ಹಿಡಿದ ತೋಳು, ಮೇಲಿದೆಯಾ, ಕೆಳಗಿದೆಯಾ? ನೆಲ ಮಣ್ಣೋ ಕಾಂಕ್ರೀಟೋ? ಸೀಲಿಂಗ್ ಎಷ್ಟು ಎತ್ತರ? ಟೈರಿನಲ್ಲಿ ಗಾಳಿ ಇದೆಯಾ? ಸ್ಲ್ಯಾಬಿನಲ್ಲಿ ಎಲ್ಲಾದರೂ ಕಟ್‌ಔಟ್, ಅಂದರೆ ತೆರೆದ ಕಿಂಡಿ, ಬಿಟ್ಟಿದ್ದಾರಾ? ಗಾಡಿಯ ನೇಮ್‌ಪ್ಲೇಟ್ ಫೋಟೋ ಕಳಿಸಿ ಅಂದರು. ಅದರಿಂದ ತೂಕ ಗೊತ್ತಾಗುತ್ತದೆ. ನನ್ನದು ಮೂರು ಟನ್ನಿಗೆ ಸ್ವಲ್ಪ ಕಡಿಮೆ. ಕಟ್‌ಔಟ್ ಇತ್ತು, ಸಾಮಾನು ಇಳಿಸಲು ಬಿಟ್ಟಿದ್ದು. ಹಾಗಾದರೆ ರ್‍ಯಾಂಪೇ ಬೇಡ, ಅದರಡಿಗೆ ತಂದು ಹೈಡ್ರಾ ಕ್ರೇನಿನಲ್ಲಿ ಎತ್ತೋಣ ಅಂತ ಫೋನಿನಲ್ಲೇ ತೀರ್ಮಾನವಾಯಿತು.

ಬರುವುದು ತಡ ಮಾಡಿದರು. ಹಗಲು ಹೊತ್ತು ಬೆಂಗಳೂರಿನೊಳಗೆ ದೊಡ್ಡ ಲಾರಿಗಳಿಗೆ ನಿರ್ಬಂಧ ಇರುವುದು ಗೊತ್ತಿದ್ದದ್ದೇ. ಆದರೆ ರಾತ್ರಿ ಒಂಬತ್ತು ಅಂದವರು ಹನ್ನೊಂದೂವರೆಗೆ ಬಂದರು, ನಡುವೆ ಒಂದು ಫೋನೂ ಇಲ್ಲ. ಸೈಟ್ ಎಂಜಿನಿಯರ್ ಮುಖ ನೋಡಲಾಗುತ್ತಿರಲಿಲ್ಲ.

ಬಂದ ಮೇಲೆ ಮಾತ್ರ ಒಂದು ನಿಮಿಷ ಸುಮ್ನೆ ಕೂರಲಿಲ್ಲ. ಮೊದಲು ಎಲ್ಲರನ್ನೂ ಬೂಮ್ ಹತ್ತಿರದಿಂದ ದೂರ ನಿಲ್ಲಿಸಿ, ಕ್ಯಾಬಿನೊಳಗಿನ ಬೈಪಾಸ್ ನಾಬ್ ಹಿಡಿದು ಬಕೆಟ್ ಮೆಲ್ಲಗೆ ಇಳಿಸಿದರು. ಇಂಜಿನ್ ಸತ್ತಿದ್ದರೂ ಹೀಗೆ ಬೂಮ್ ಇಳಿಸಬಹುದು ಅನ್ನುವುದು ನನ್ನ ಆಪರೇಟರ್‌ಗೇ ಗೊತ್ತಿರಲಿಲ್ಲ. ಬಕೆಟ್ ಖಾಲಿ ಮಾಡಿ, ಕಳಚಿ ಪಕ್ಕಕ್ಕಿಟ್ಟರು. ಸೈಟಿನವನೊಬ್ಬ "ಚೈನ್ ಬಿಚ್ಚಿದರೆ ಚಕ್ರ ಫ್ರೀ ಆಗುತ್ತಲ್ಲ" ಅಂದ. ಆಗುತ್ತದೆ. ಆದರೆ ಆ ಚೈನ್ ಇರುವ ಪೆಟ್ಟಿಗೆಯ (ಚೈನ್‌ಕೇಸ್) ಎಣ್ಣೆ ಇಳಿಸಬೇಕು, ಕ್ಯಾಬ್ ಎತ್ತಬೇಕು, ಬೆಳಗಾಗುತ್ತದೆ. ಮೇಸ್ತ್ರಿ ಉತ್ತರವನ್ನೂ ಕೊಡದೆ ಜಾಕಿ ತರಿಸಿದರು.

ಅವರ ಉಪಾಯ ಸರಳ. ಚಕ್ರ ತಿರುಗಲೇಬೇಕಾಗಿಲ್ಲ. ಒಂದೊಂದು ಟೈರಿನಡಿಗೂ ಒಂದೊಂದು ಕಬ್ಬಿಣದ ಟ್ರೇ, ಟ್ರೇ ಕೆಳಗೆ ನೈಲಾನ್ ರೋಲರ್. ಹಿಂದಿನಿಂದ ಶುರು ಮಾಡಿದರು. ಇಂಜಿನ್ ಹಿಂದೆ ಇರುವುದರಿಂದ ಖಾಲಿ ಗಾಡಿಯ ಭಾರ ಜಾಸ್ತಿ ಅಲ್ಲೇ, ನೂರಕ್ಕೆ ಸುಮಾರು 70 ಭಾಗ. ಒಂದಿಷ್ಟು ಎತ್ತುವುದು, ಮರದ ದಿಮ್ಮಿ ತಳ್ಳುವುದು, ಮತ್ತೆ ಎತ್ತುವುದು. ಬರೀ ಜಾಕಿ ಮೇಲೆ ಗಾಡಿ ಇದ್ದಾಗ ಯಾರೂ ಅಡಿಗೆ ಕೈ ಹಾಕಲಿಲ್ಲ. ನೆಲ ಒರಟಾಗಿತ್ತು, ರೋಲರ್ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ಎಂ.ಎಸ್. (ಉಕ್ಕಿನ) ಪ್ಲೇಟ್ ಹಾಸಿ, ದಾಟಿದ ಪ್ಲೇಟನ್ನು ಹಿಂದಿನಿಂದ ಎತ್ತಿ ಮುಂದೆ ಹಾಕುತ್ತಾ ಹೋದರು. ಎಳೆದದ್ದು ಟಿರ್ಫಾರ್‌ನಲ್ಲಿ, ಅಂದರೆ ಕೈಯಲ್ಲಿ ಹಿಡಿಕೆ ಆಡಿಸಿ ತಂತಿಹಗ್ಗ ಎಳೆಯುವ ಸಾಧನದಲ್ಲಿ. ಅದರ ಇನ್ನೊಂದು ತುದಿಯನ್ನು ಕಟ್ಟಡದ ಕಾಲಂಗೆ ಕಟ್ಟಲು ಎಂಜಿನಿಯರ್ ಬಿಡಲಿಲ್ಲ, ಸರಿಯೇ. ಸೈಟಿನ ಜೆಸಿಬಿಯನ್ನು ಕೆಳಗಿಳಿಸಿ, ಬಕೆಟ್ ಊರಿ ನಿಲ್ಲಿಸಿ, ಅದಕ್ಕೆ ಕಟ್ಟಿದರು. ಗಾಡಿ ಬಸವನಹುಳುವಿನ ಹಾಗೆ ಜರುಗಿತು, ಆದರೆ ಒಮ್ಮೆಯೂ ಜರ್ಕ್ ಹೊಡೆಯಲಿಲ್ಲ.

ಹೈಡ್ರಾ ಅವರದ್ದಲ್ಲ, ಹೊರಗಿನಿಂದ ತಂದದ್ದು. ಅದರ ಡ್ರೈವರ್ "ಹದಿನಾಲ್ಕು ಟನ್ ಮಶೀನು ಸಾರ್, ಇದೇನು ಲೆಕ್ಕ" ಅಂತ ಸೀದಾ ಸ್ಲ್ಯಾಬ್ ಮೇಲೆ ಬರಲು ಹೊರಟ. ಮೇಸ್ತ್ರಿ ತಡೆದು, ಸ್ಲ್ಯಾಬ್ ಬಿಟ್ಟು ಗಟ್ಟಿ ನೆಲದಲ್ಲೇ ನಿಲ್ಲಿಸಿದರು. ಆಮೇಲೆ ಟೇಪ್ ಹಿಡಿದು ದೂರ ಅಳೆದು ಲೋಡ್ ಚಾರ್ಟ್ ಓದಿಸಿದರು. 14 ಟನ್ ಅನ್ನುವುದು ಕೊಕ್ಕೆ ಹತ್ತಿರ ಇದ್ದಾಗಿನ ಮಾತು. ಬೂಮ್ ಮುಂದೆ ಚಾಚಿದಷ್ಟೂ ಅದು ಇಳಿಯುತ್ತದೆ, ಅಲ್ವಾ? ನಾಲ್ಕು ಲಿಫ್ಟಿಂಗ್ ಪಾಯಿಂಟ್‌ಗೆ ಬೆಲ್ಟ್ ಹಾಕಿ ಒಂದು ಗೇಣು ಎತ್ತಿದಾಗ ಹಿಂಭಾಗ ಜೋತಿತು. ಇಳಿಸಿ, ಹಿಂದಿನ ಬೆಲ್ಟ್ ಗಿಡ್ಡ ಮಾಡಿ, ಮತ್ತೆ ಎತ್ತಿದರು. ಆಮೇಲೆ ಗಾಡಿ ಸಲೀಸಾಗಿ ಮೇಲೆ ಬಂದು ಫ್ಲಾಟ್‌ಬೆಡ್ ಮೇಲೆ ಕೂತಿತು. ಅಲ್ಲೂ ನಾಲ್ಕು ಮೂಲೆಗೆ ಚೈನ್ ಬಿಗಿದ ಮೇಲೇ ಲಾರಿ ಹೊರಟಿದ್ದು.

ಬೇಸರದ ವಿಷಯಗಳೂ ಇವೆ. ಬಕೆಟ್ ಕಳಚಿದ ಜಾಗದಲ್ಲಿ ಚೆಲ್ಲಿದ ಎಣ್ಣೆ ಒರೆಸದೆ ಹೋದರು, ಸೈಟಿನವರು ನನ್ನನ್ನು ಬೈದರು. ಹಿಂದಿನ ಬಾಗಿಲ ಮೇಲೆ ಬೆಲ್ಟ್ ಉಜ್ಜಿದ ಗೀರು ಬಿದ್ದಿದೆ, ಮಧ್ಯೆ ಒಂದು ಗೋಣಿಚೀಲ ಇಟ್ಟಿದ್ದರೆ ಆಗುತ್ತಿತ್ತು. ಎಲ್ಲ ಸೇರಿ 36 ಸಾವಿರ ಆಯಿತು, ಅದರಲ್ಲಿ ಹೈಡ್ರಾದ ಪೂರ್ತಿ ಶಿಫ್ಟಿನ ಬಾಡಿಗೆಯೂ ಸೇರಿದೆ. ದುಬಾರಿ ಅನ್ನಲಾರೆ. ವರ್ಕ್‌ಶಾಪಿನಲ್ಲಿ ಬಿಚ್ಚಿದಾಗ ಪಂಪ್ ಪೂರ್ತಿ ಹೋಗಿತ್ತು, ಡ್ರೈವ್ ಮೋಟರ್ ಎರಡೂ ತೊಳೆದು ಮತ್ತೆ ಹಾಕುವ ಸ್ಥಿತಿಯಲ್ಲಿದ್ದವು. ಆದರೆ ತಾವೇ ತಡವಾಗಿ ಬಂದು ನನಗೆ ಎರಡು ಸಾವಿರ ವೇಟಿಂಗ್ ಚಾರ್ಜ್ ಹಾಕಿದ್ದು ಯಾವ ನ್ಯಾಯ? ಜಗಳ ಮಾಡಿ ಅರ್ಧ ಇಳಿಸಿದೆ. ಜಿಎಸ್‌ಟಿ ಬಿಲ್ ಬೇಕಿದ್ದರೆ ಲಾರಿ ಹತ್ತುವ ಮೊದಲೇ ಕೇಳಿ ಇಟ್ಟುಕೊಳ್ಳಿ. ನನಗೆ ಇನ್ನೂ ಕೈಬರಹದ ಚೀಟಿಯೇ ಗತಿ, ನಮ್ಮ ಆಡಿಟರ್ ದಿನಾ ಫೋನ್ ಮಾಡುತ್ತಿದ್ದಾರೆ.