ಕಾರಿನ ಒಳಗೆ ನೀರು ಸುರಿದು ತೊಳೆಯಲು ಯಾರಿಗೂ ಬಿಡಬೇಡಿ

ಕಾರನ್ನು ಇಂಟೀರಿಯರ್ ಕ್ಲೀನಿಂಗ್‌ಗೆ ಕೊಡುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಕೊಡಿ. ನಮ್ಮ ಕಾರು ಕ್ಲೀನಿಂಗ್‌ನಿಂದ ಬಂದ ದಿನ ಒಳಗೆಲ್ಲ ಫಳಫಳ ಹೊಳೆಯುತ್ತಿತ್ತು. ಆಮೇಲೆ ಅದೇ ಕಾರಿನ ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿಸಿ, ವೈರಿಂಗ್ ರಿಪೇರಿ ಮಾಡಿಸಬೇಕಾಯಿತು. ಇಷ್ಟಕ್ಕೆಲ್ಲ ಕಾರಣ ಒಳಗೆ ಸುರಿದ ನೀರು.

ಅಂಗಡಿಯ ಹೆಸರು ಬರೆಯುವುದಿಲ್ಲ. ಹೀಗೇ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಒಬ್ಬರನ್ನು ತಪ್ಪಿಸಿಕೊಂಡರೆ ಸಾಲದು, ಕೆಲಸ ಹೇಗೆ ಕೆಡುತ್ತದೆ ಅಂತ ಗೊತ್ತಿರಬೇಕು.

ಡೀಪ್ ಕ್ಲೀನಿಂಗ್ ಮಾಡುತ್ತೇವೆ ಅಂದಿದ್ದರು. ನಿಜವಾಗಿ ಮಾಡಿದ್ದೇನು ಅನ್ನುವುದು ಆಮೇಲೆ ಪಟ್ಟು ಹಿಡಿದು ಕೇಳಿದಾಗ ಗೊತ್ತಾಯಿತು. ಸೀಟಿಗೂ ಕಾರ್ಪೆಟ್‌ಗೂ ಶಾಂಪೂ ನೊರೆ ಹಾಕಿ ಬ್ರಷ್‌ನಲ್ಲಿ ಉಜ್ಜಿದ್ದಾರೆ, ನೊರೆ ಹೋಗಲಿ ಅಂತ ಪೈಪಿನಲ್ಲಿ ನೀರು ಬಿಟ್ಟಿದ್ದಾರೆ, ಮೇಲೆ ನಿಂತ ನೀರನ್ನು ವ್ಯಾಕ್ಯೂಮ್‌ನಲ್ಲಿ ಎಳೆದು ಸ್ವಲ್ಪ ಹೊತ್ತು ಬಾಗಿಲು ತೆಗೆದಿಟ್ಟು, ಕೊನೆಗೆ ಪರ್ಫ್ಯೂಮ್ ಹೊಡೆದು ಕೊಟ್ಟಿದ್ದಾರೆ. ಕೈಯಿಂದ ಮುಟ್ಟಿದರೆ ಎಲ್ಲ ಒಣಗಿದ ಹಾಗೇ ಇತ್ತು.

ಮೊದಲು ಕಂಡಿದ್ದು ಗಾಜಿನಲ್ಲಿ. ಬೆಳಗ್ಗೆ ಕಾರು ತೆಗೆದರೆ ಮುಂದಿನ ಗಾಜಿನ ಒಳಮೈಗೆ ಮಂಜು ಕಟ್ಟಿರುತ್ತಿತ್ತು, ಬಟ್ಟೆಯಲ್ಲಿ ಒರೆಸಿದರೂ ಮತ್ತೆ ಕಟ್ಟುತ್ತಿತ್ತು. ಆಮೇಲೆ ಪರ್ಫ್ಯೂಮ್ ಕಡಿಮೆಯಾದಂತೆ ಮುಗ್ಗಲು ವಾಸನೆ ಶುರುವಾಯಿತು. ಅಂಗಡಿಗೆ ಫೋನ್ ಮಾಡಿದರೆ ಅದು ಎಸಿ ಸಮಸ್ಯೆ, ನಮಗೆ ಸಂಬಂಧವಿಲ್ಲ ಅಂದರು. ಎಸಿಯ ಕ್ಯಾಬಿನ್ ಫಿಲ್ಟರ್ ಬದಲಾಯಿಸಿದೆವು. ವಾಸನೆ ಹೋಗಲಿಲ್ಲ. ಒಂದು ದಿನ ಓಡಿಸುತ್ತಿರುವಾಗಲೇ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಎಚ್ಚರಿಕೆಯ ಲೈಟ್ ಹತ್ತಿಕೊಂಡಿತು. ಮತ್ತೆ ಆರಲೇ ಇಲ್ಲ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮೊದಲು ಮಾಡಿದ್ದು ತುಂಬ ಸರಳ ಪರೀಕ್ಷೆ. ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಮ್ಯಾಟ್ ತೆಗೆದು, ಕಾರ್ಪೆಟ್ ಮೇಲೆ ಹಿಮ್ಮಡಿಯಿಟ್ಟು ಪೂರ್ತಿ ಭಾರ ಬಿಟ್ಟರು. ಹಿಮ್ಮಡಿಯ ಸುತ್ತ ನೀರು ಜಿನುಗಿ ಮೇಲೆ ಬಂತು. ಬೂದು ಬಣ್ಣದ ನೀರು, ಅದರಲ್ಲಿ ಇನ್ನೂ ಸಣ್ಣ ನೊರೆ ಇತ್ತು. ಕಾಲು ತೆಗೆದ ಕೂಡಲೇ ನೀರು ಒಳಗೆ ಇಳಿದು, ಕಾರ್ಪೆಟ್ ಮತ್ತೆ ಒಣಗಿದ ಹಾಗೆ ಕಾಣಿಸಿತು.

ಇದು ಹೀಗೇಕೆ ಅಂತ ಹೇಳುತ್ತೇನೆ. ಕಾರಿನ ಕಾರ್ಪೆಟ್ ಅಂದರೆ ಕಣ್ಣಿಗೆ ಕಾಣುವ ತೆಳುವಾದ ಪದರ ಮಾತ್ರ ಅಲ್ಲ. ಅದರ ಅಡಿಯಲ್ಲಿ ರಸ್ತೆಯ ಸದ್ದು, ಶಾಖ ಒಳಗೆ ಬರದಿರಲಿ ಅಂತ ದಪ್ಪ ಫೋಮ್ ಅಥವಾ ಫೆಲ್ಟ್ ಪ್ಯಾಡ್ ಇರುತ್ತದೆ, ಅದರ ಕೆಳಗೆ ಲೋಹದ ನೆಲ. ಪ್ಯಾಡ್ ಸ್ಪಂಜಿನ ಹಾಗೆ ನೀರು ಕುಡಿದು ಕೂರುತ್ತದೆ. ಸಾಧಾರಣ ವ್ಯಾಕ್ಯೂಮ್ ಎಳೆಯುವುದು ಮೇಲಿನ ನೀರನ್ನಷ್ಟೇ. ಮೇಲಿನ ಪದರ ಕೆಲವು ಗಂಟೆಗಳಲ್ಲಿ ಒಣಗುತ್ತದೆ, ಕೆಳಗಿನದಕ್ಕೆ ಗಾಳಿಯೇ ತಾಗುವುದಿಲ್ಲ, ವಾರಗಟ್ಟಲೆ ಹಾಗೇ ಇರುತ್ತದೆ. ಒದ್ದೆಯಾದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಹಗಲು ಬಿಸಿಲಿಗೆ ಕಾರು ಕಾದಾಗ ಆ ನೀರೇ ಆವಿಯಾಗಿ ಮೇಲೆ ಬಂದು, ರಾತ್ರಿಯ ತಂಪಿಗೆ ಗಾಜಿನ ಮೇಲೆ ಕೂರುತ್ತದೆ. ನಾವು ಬೆಳಗ್ಗೆ ಒರೆಸುತ್ತಿದ್ದದ್ದು ಅದನ್ನೇ.

ವಾಸನೆಯನ್ನಾದರೂ ಸಹಿಸಿಕೊಳ್ಳಬಹುದು. ನನಗೆ ಇವತ್ತಿಗೂ ಸಿಟ್ಟು ಇರುವುದು ಏರ್‌ಬ್ಯಾಗ್ ವಿಷಯಕ್ಕೆ. ಮುಂದಿನ ಸೀಟುಗಳ ಅಡಿಯಲ್ಲಿ ವೈರುಗಳಿರುತ್ತವೆ: ಸೀಟಿನ ಪಕ್ಕದ ಏರ್‌ಬ್ಯಾಗ್‌ದು, ಅಪಘಾತದ ಕ್ಷಣದಲ್ಲಿ ಬೆಲ್ಟ್ ಬಿಗಿ ಮಾಡುವ ಸಾಧನದ್ದು, ಸೀಟಿನಲ್ಲಿ ಜನ ಕೂತಿದ್ದಾರಾ ಅಂತ ತಿಳಿಯುವ ಸೆನ್ಸರ್‌ದು. ಯಾವ ಕಾರಿನಲ್ಲಿ ಯಾವುದು ಇದೆ ಅನ್ನುವುದು ಬೇರೆ ಬೇರೆ. ಕೆಲವು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ಟೇ ಸೀಟಿನ ಅಡಿಯಲ್ಲೋ ಕಾರ್ಪೆಟ್ ಕೆಳಗೋ ಇರುತ್ತದೆ. ನಮ್ಮ ಕಾರಿನ ಸೀಟು ಬಿಚ್ಚಿದಾಗ ಏರ್‌ಬ್ಯಾಗ್ ವೈರು ಜೋಡಿಸುವ ಹಳದಿ ಕನೆಕ್ಟರ್ ಒಳಗಿನ ಪಿನ್ನುಗಳಿಗೆ ಹಸಿರು ಪುಡಿ ಹತ್ತಿತ್ತು. ತಾಮ್ರಕ್ಕೆ ತೇವ ತಾಗಿ ಕೆಡುವಾಗ ಬರುವ ಹಸಿರು ಅದು. ಸೀಟು ಜಾರುವ ಕಂಬಿಗಳಿಗೂ ತುಕ್ಕು ಹಿಡಿದಿತ್ತು. ಏರ್‌ಬ್ಯಾಗ್ ಲೈಟ್ ಆರದೆ ಉಳಿದರೆ ಅಪಘಾತವಾದಾಗ ಏರ್‌ಬ್ಯಾಗ್ ತೆರೆದುಕೊಳ್ಳದೇ ಹೋಗಬಹುದು. ಮನೆಮಂದಿಯೆಲ್ಲ ಕೂತು ಓಡಾಡುವ ಗಾಡಿ ಅಲ್ವಾ ಇದು? ಸೀಟು ಸ್ವಚ್ಛ ಮಾಡುವ ಕೆಲಸದಲ್ಲಿ ಜನರ ಜೀವ ಕಾಯುವ ಭಾಗವನ್ನೇ ಹಾಳು ಮಾಡಿಟ್ಟರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಹಳದಿ ಕನೆಕ್ಟರ್ ನಿಮಗೆ ಕಂಡರೂ ಕೈ ಹಾಕಬೇಡಿ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚುವ ಕ್ರಮ ಇದೆ, ಗೊತ್ತಿರುವವರೇ ಮಾಡಲಿ.

ನೀರಿನದಷ್ಟೇ ಅಲ್ಲ. ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ಪಾಲಿಶನ್ನು ಸ್ಟೀರಿಂಗ್‌ಗೂ ಪೆಡಲ್‌ಗೂ ಹಚ್ಚಿದ್ದರು. ಬ್ರೇಕ್ ಮೇಲೆ ಕಾಲಿಟ್ಟರೆ ಜಾರುತ್ತಿತ್ತು, ಮನೆಗೆ ಬಂದ ಕೂಡಲೇ ಒರೆಸಿ ತೆಗೆದೆವು. ಸೀಟ್ ಬೆಲ್ಟ್‌ಗೆ ಬ್ಲೀಚ್ ಅಥವಾ ತೀಕ್ಷ್ಣವಾದ ಕೆಮಿಕಲ್ ಹಾಕಿದರೆ ಅದರ ನೇಯ್ಗೆ ಬಲ ಕಳೆದುಕೊಳ್ಳುತ್ತದೆ. ಸೌಮ್ಯವಾದ ಸೋಪು, ಉಗುರು ಬೆಚ್ಚಗಿನ ನೀರು ಸಾಕು, ಪೂರ್ತಿ ಒಣಗಿದ ಮೇಲೆ ಸುರುಳಿಗೆ ಬಿಡಬೇಕು. ಟಚ್ ಸ್ಕ್ರೀನ್ ಮೇಲೆ ನೇರವಾಗಿ ಸ್ಪ್ರೇ ಹೊಡೆಯಲೂ ಬಿಡಬೇಡಿ. ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಅದರಲ್ಲೂ ಅಮೋನಿಯಾ ಇರುವ ಗಾಜಿನ ಕ್ಲೀನರ್ ಸ್ಕ್ರೀನಿನ ಲೇಪನವನ್ನು ತಿನ್ನುತ್ತದೆ, ಗಾಜಿಗೆ ಫಿಲ್ಮ್ ಹಾಕಿಸಿದ್ದರೆ ಅದನ್ನೂ ಕೆಡಿಸುತ್ತದೆ.

ಹಾಗಾದರೆ ಕೊಡುವ ಮುಂಚೆ ಏನು ಕೇಳಬೇಕು? ಕಾರ್ಪೆಟ್ ಹೇಗೆ ತೊಳೆಯುತ್ತೀರಿ, ಹೇಗೆ ಒಣಗಿಸುತ್ತೀರಿ, ಈ ಎರಡನ್ನು ನೇರವಾಗಿ ಕೇಳಿ. ಕೆಲಸ ಗೊತ್ತಿರುವವರು ಮೊದಲು ಒಣಗಿದ ಧೂಳನ್ನೆಲ್ಲ ವ್ಯಾಕ್ಯೂಮ್‌ನಲ್ಲಿ ತೆಗೆಯುತ್ತಾರೆ, ಕಲೆ ಇರುವಲ್ಲಿ ಸ್ವಲ್ಪವೇ ನೊರೆ ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ ಬಟ್ಟೆಯಿಂದ ಎತ್ತುತ್ತಾರೆ, ತೊಳೆಯಲೇಬೇಕಾದರೆ ನೀರು ಬಿಟ್ಟ ಕೂಡಲೇ ವಾಪಸ್ ಎಳೆದುಕೊಳ್ಳುವ ಎಕ್ಸ್‌ಟ್ರ್ಯಾಕ್ಟರ್ ಮೆಷಿನ್ ಬಳಸುತ್ತಾರೆ. ಆಮೇಲೆ ಬ್ಲೋವರ್ ಇಟ್ಟು ಒಣಗಿಸುತ್ತಾರೆ. ಒಂದು ಗಂಟೆಯಲ್ಲಿ ಸೀಟು, ಕಾರ್ಪೆಟ್ ಎಲ್ಲ ತೊಳೆದು ಒಣಗಿಸಿ ಕೊಡುತ್ತೇವೆ ಅಂದರೆ ಅಲ್ಲಿಂದ ವಾಪಸ್ ಬನ್ನಿ. ಪರ್ಫ್ಯೂಮ್ ಬೇಡ ಅಂತ ಮೊದಲೇ ಹೇಳಿ, ಅದಿದ್ದರೆ ಒದ್ದೆ ವಾಸನೆ ಗೊತ್ತಾಗುವುದಿಲ್ಲ. ಕೊಡುವಾಗ ಇಗ್ನಿಷನ್ ಆನ್ ಮಾಡಿ ಡ್ಯಾಶ್‌ಬೋರ್ಡಿನ ವಿಡಿಯೋ ತೆಗೆದಿಟ್ಟುಕೊಳ್ಳಿ. ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಹತ್ತಿ ಆರಬೇಕು. ತೆಗೆದುಕೊಳ್ಳುವಾಗಲೂ ಅದನ್ನೇ ನೋಡಿ. ಕಾಲಿಡುವ ಎಲ್ಲ ಜಾಗದಲ್ಲೂ ಮ್ಯಾಟ್ ಎತ್ತಿ, ಟಿಶ್ಯೂ ಪೇಪರ್ ಇಟ್ಟು ಹಿಮ್ಮಡಿಯಲ್ಲಿ ಒತ್ತಿ. ಪೇಪರ್ ಒದ್ದೆಯಾದರೆ ಅಲ್ಲೇ ನಿಂತು ಒಣಗಿಸಿಕೊಡಿ ಅಂತ ಕೇಳಿ, ಸಂಕೋಚ ಬೇಡ.

ಈಗಾಗಲೇ ಒದ್ದೆಯಾಗಿದ್ದರೆ ತಡ ಮಾಡಬೇಡಿ. ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದರೆ ಪ್ರಯೋಜನವಿಲ್ಲ, ಆವಿ ಒಳಗೇ ಸುತ್ತುತ್ತದೆ. ಬಾಗಿಲು ತೆಗೆದಿಡಿ, ಮ್ಯಾಟ್ ಹೊರಗೆ ಹಾಕಿ, ಬಾಗಿಲ ಅಂಚಿನ ಪಟ್ಟಿ ಬಿಚ್ಚಿಸಿ ಕಾರ್ಪೆಟ್ ಅಂಚು ಎತ್ತಿ ಅಡಿಗೆ ಏನಾದರೂ ಕೊಟ್ಟು ಫ್ಯಾನ್ ಗಾಳಿ ಅದರ ಕೆಳಗೇ ಹೋಗುವಂತೆ ಮಾಡಿ. ಅಡುಗೆ ಸೋಡಾ ಚಿಮುಕಿಸಿದರೆ ವಾಸನೆ ಸ್ವಲ್ಪ ತಗ್ಗುತ್ತದೆ, ಆದರೆ ಅಡಿಯ ನೀರು ಹೋಗುವುದಿಲ್ಲ. ಪ್ಯಾಡ್‌ನಲ್ಲಿ ಕಪ್ಪು ಬೂಷ್ಟು ಕಂಡರೆ ಅದನ್ನು ಒಣಗಿಸುತ್ತಾ ಕೂರಬೇಡಿ, ಬದಲಾಯಿಸುವುದೇ ಸರಿ. ನಮ್ಮ ಕಾರಿನಲ್ಲಿ ಮುಂದಿನದು ಒಣಗಿ ಉಳಿಯಿತು, ಹಿಂದಿನದನ್ನು ಕಿತ್ತು ಹೊಸದು ಹಾಕಿಸಿದೆವು. ಹೊಸದು ಹಾಕುವ ಮುಂಚೆ ಕೆಳಗಿನ ಲೋಹದ ನೆಲಕ್ಕೆ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಹಿಡಿದು ನೋಡಿಸಿ, ಮತ್ತೆ ಅದಕ್ಕಾಗಿಯೇ ಸೀಟು ಬಿಚ್ಚುವ ಕೆಲಸ ತಪ್ಪುತ್ತದೆ.