ಹೋಲ್ಗಾ 120ಎನ್: ಮೈ ಆಟಿಕೆಯದು, ಬೆಲೆ ಕ್ಯಾಮೆರಾದ್ದು

ಹೋಲ್ಗಾ ಅನ್ನುವ ಈ ಫಿಲ್ಮ್ ಕ್ಯಾಮೆರಾ ಕೈಗೆ ತಗೊಂಡರೆ ಇದರೊಳಗೆ ಏನಾದರೂ ಇದೆಯಾ ಅನ್ನಿಸುತ್ತದೆ. ಅಷ್ಟು ಹಗುರ. ಮೈ ಪ್ಲಾಸ್ಟಿಕ್, ಲೆನ್ಸೂ ಪ್ಲಾಸ್ಟಿಕ್, ಬ್ಯಾಟರಿಯ ಮಾತೇ ಇಲ್ಲ. 1982ರ ಸುಮಾರಿಗೆ ಹಾಂಗ್‌ಕಾಂಗ್‌ನಲ್ಲಿ ಇದನ್ನು ಮಾಡಿದ್ದು ಚೀನಾದ ಸಾಮಾನ್ಯ ಜನರಿಗೂ ಒಂದು ಕ್ಯಾಮೆರಾ ಸಿಗಲಿ ಅಂತ. ಈಗ ಅದೇ ಡಬ್ಬಿಗೆ ಆನ್‌ಲೈನ್‌ನಲ್ಲಿ ಸಾವಿರಗಟ್ಟಲೆ ಕೇಳುತ್ತಾರೆ.

ಆದರೆ ಬಳ್ಳಾರಿ ಬಿಸಿಲಿಗೆ ಹೇಳಿ ಮಾಡಿಸಿದ ಹಾಗಿದೆ. ಶಟರ್‌ಗೆ ಒಂದೇ ವೇಗ, ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು, ಹಾಗಾಗಿ ಬೆಳಕು ಧಾರಾಳ ಬೇಕು, ನಮ್ಮಲ್ಲಿ ಅದಕ್ಕೇನು ಬರವೇ? ಧಾರಾಳ ಬೆಳಕು ಬೇಡುವ 100 ಐಎಸ್‌ಒ ರೀಲೇ ಸಾಕು. ಕೋಟೆ ಗುಡ್ಡ ತೆಗೆದರೆ ನಡುವಿನ ಬಂಡೆಯ ಬಿರುಕು ಕೂಡ ಎದ್ದು ಕಾಣುತ್ತದೆ, ಅಂಚಿಗೆ ಹೋದಂತೆ ಎಲ್ಲ ಕಲಸಿಹೋಗಿ ನಾಲ್ಕೂ ಮೂಲೆ ಕಪ್ಪಾಗುತ್ತದೆ. ಮೊಬೈಲ್ ಫಿಲ್ಟರ್ರೂ ಹೀಗೆ ಮಾಡುತ್ತದೆ ಅಲ್ವಾ ಅಂತೀರಿ. ಮಾಡುತ್ತದೆ, ಎಲ್ಲ ಫೋಟೋಗೂ ಒಂದೇ ಥರ. ಇಲ್ಲಿ ರೀಲ್ ಸುತ್ತದೆಯೂ ಮತ್ತೆ ಮತ್ತೆ ಶಟರ್ ಒತ್ತಬಹುದು, ಒಂದೇ ಫ್ರೇಮಿನಲ್ಲಿ ಒಂದರ ಮೇಲೊಂದು ಚಿತ್ರ ಕೂರುತ್ತದೆ. ಕನಕ ದುರ್ಗಮ್ಮನ ಗುಡಿ ಮುಂದಿನ ಜನರ ಮೇಲೆ ಗುಡ್ಡ ಬಂದು ಕೂತ ಒಂದು ಫ್ರೇಮ್ ನನ್ನ ಹತ್ತಿರ ಇದೆ, ಅದಕ್ಕೇ ಈ ಕ್ಯಾಮೆರಾ ಮಾರಿಲ್ಲ.

ಗುಡಿ ಒಳಗೆ, ಮನೆಯೊಳಗೆ ಕೈಯಲ್ಲಿ ಹಿಡಿದು ತೆಗೆದರೆ ಫ್ಲ್ಯಾಶ್ ಇಲ್ಲದೆ ಏನೂ ಬರಲ್ಲ. ಬಿಸಿಲು, ಮೋಡ ಅಂತ ಒಂದು ಸ್ವಿಚ್ ಕೊಟ್ಟಿದ್ದಾರೆ, ಹಳೇ ಮಾದರಿಗಳಲ್ಲಿ ಅದನ್ನು ಹೇಗೆ ತಿರುಗಿಸಿದರೂ ವ್ಯತ್ಯಾಸವೇ ಆಗುತ್ತಿರಲಿಲ್ಲ! ಫೋಕಸ್ಸಿಗೆ ಲೆನ್ಸ್ ಮೇಲೆ ಒಬ್ಬ ಮನುಷ್ಯ, ಮೂವರು, ಗುಂಪು, ಬೆಟ್ಟದ ಚಿತ್ರ. ದೂರವನ್ನು ಕಣ್ಣಂದಾಜಲ್ಲೇ ಹಾಕಬೇಕು. ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ, ಮುಚ್ಚಳ ತೆಗೆಯದೆ ಇಡೀ ರೀಲ್ ಹೊಡೆದರೂ ಗೊತ್ತಾಗಲ್ಲ.

ಅಸಲಿ ಖರ್ಚು ಆಮೇಲೆ ಶುರುವಾಗುತ್ತದೆ. ಇದಕ್ಕೆ ಹಾಕುವ 120 ಅನ್ನುವ ಅಗಲ ರೀಲಿಗೆ ಚೌಕ ಫೋಟೋ ಬರುವುದು ಹನ್ನೆರಡೇ. ನಾನು ಕೇಳಿದ ಸ್ಟುಡಿಯೋಗಳಲ್ಲಿ ಈಗ ಯಾರೂ ರೀಲ್ ತೊಳೆಯಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಬೇಕು, ತೊಳೆಸುವ ದುಡ್ಡು, ಸ್ಕ್ಯಾನ್ ದುಡ್ಡು ಬೇರೆ. ಒಬ್ಬ ಹಳೇ ಸ್ಟುಡಿಯೋದವರು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ಇಷ್ಟ್ ಕೊಟ್ರೇನ್ರಿ? ನಮ್ಮ ಯಾಶಿಕಾನೇ ಕೊಡ್ತಿದ್ನಲ್ರಿ" ಅಂದರು. ಅವರ ಮಾತು ಖರೆ. ಬೀರುವಿನಲ್ಲಿ ಧೂಳು ತಿನ್ನುತ್ತಿರುವ ಎರಡು ಕಣ್ಣಿನ (ಮೇಲೊಂದು ಕೆಳಗೊಂದು ಲೆನ್ಸ್ ಇರುವ) ಯಾಶಿಕಾ ಕ್ಯಾಮೆರಾಗೂ ಇದೇ ರೀಲ್, ಇವೇ ಹನ್ನೆರಡು ಫೋಟೋ, ಆದರೆ ಗಾಜಿನ ಲೆನ್ಸ್. ಶಟರ್ ಅಂಟಿಕೊಂಡಿಲ್ಲ ಅಂತ ನೋಡಿಕೊಂಡರೆ ಆಯ್ತು. ಮೊದಲ ಫಿಲ್ಮ್ ಕ್ಯಾಮೆರಾ ಹುಡುಕುವವರಿಗೆ ನಾನು ಹೇಳುವುದೂ ಅದನ್ನೇ.

ಹೋಲ್ಗಾನೇ ಬೇಕು ಅನ್ನುವವರು ಜೊತೆಗೆ ಒಂದು ಸುತ್ತು ಕಪ್ಪು ಟೇಪೂ ತಗೊಳ್ಳಿ. ಹಿಂದಿನ ಮುಚ್ಚಳ ಎರಡು ಕ್ಲಿಪ್ ಮೇಲೆ ನಿಂತಿರುತ್ತದೆ, ಅವು ಜಾರುವುದಕ್ಕೆ ಹೆಸರುವಾಸಿ, ಜಾರಿದರೆ ಬೆಳಕು ನುಗ್ಗಿ ರೀಲ್ ಹಾಳು, ಅದಕ್ಕೇ ಟೇಪ್. ರೀಲನ್ನು ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ, ಬಣ್ಣ ಕೆಡುತ್ತದೆ. ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಜಾಗ ಮಾಡಿ.