ಕಿಂಗ್ ಆಲಿವರ್, 1923: ಜೆನೆಟ್ ಕೇಳಬೇಕೋ, ಓಕೆ ಕೇಳಬೇಕೋ?

ಕಾರ್ನೆಟ್ (ಟ್ರಂಪೆಟ್‌ನಂಥ ಊದುವಾದ್ಯ) ವಾದಕ ಕಿಂಗ್ ಆಲಿವರ್‌ನ ಕ್ರಿಯೋಲ್ ಜಾಝ್ ಬ್ಯಾಂಡ್ ನಿಮಗೆ ಹೊಸದಾದರೆ 'ಓಕೆ' ಕಂಪನಿಯ ರೆಕಾರ್ಡುಗಳಿಂದ ಶುರುಮಾಡಿ. ಓಕೆಯವೂ 'ಜೆನೆಟ್' ಕಂಪನಿಯವೂ ಮೈಕ್ ಇಲ್ಲದೆ, ಸದ್ದು ಹಿಡಿಯುವ ಕಹಳೆಯಾಕಾರದ ಕೊಳವೆಯ ಮುಂದೆ ನುಡಿಸಿ ಮುದ್ರಿಸಿದವೇ. ಆದರೂ ಜೂನ್‌ನಲ್ಲಿ ಶಿಕಾಗೊದಲ್ಲಿ ಮಾಡಿದ ಓಕೆಯಲ್ಲಿ ಎರಡು ಕಾರ್ನೆಟ್‌ಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಏಪ್ರಿಲ್‌ನಲ್ಲಿ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಮಾಡಿದ ಜೆನೆಟ್ ಮಂಕು, ವಾದ್ಯಗಳು ಒಂದರೊಳಗೊಂದು ಕಲಸಿಹೋಗಿವೆ. ಹಾಗಂತ ಬಿಡುವಂತಿಲ್ಲ: ಬ್ಯಾಂಡಿನ ಎರಡನೇ ಕಾರ್ನೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ರ ಮೊದಲ ಮುದ್ರಿತ ಸೋಲೋ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ಇರುವುದು ಜೆನೆಟ್‌ನ 'ಚೈಮ್ಸ್ ಬ್ಲೂಸ್'ನಲ್ಲೇ. 'ಡಿಪ್ಪರ್‌ಮೌತ್ ಬ್ಲೂಸ್' ಎರಡರಲ್ಲೂ ಇದೆ; ಹೋಲಿಸಿ ನೋಡಲು ಅದೊಂದೇ ಸಾಕು.

ಮರುಮುದ್ರಣ ಕೊಳ್ಳುವಾಗ ವೇಗ ಗಮನಿಸಿ. 6% ಹೆಚ್ಚಾದರೂ ಶ್ರುತಿ ಅರ್ಧ ಸ್ವರ ಏರುತ್ತದೆ. ಮೂಲ 78 ಆರ್‌ಪಿಎಂ ತಟ್ಟೆಗೆ ಸುಮಾರು 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ಸೂಜಿ ಬೇಕು. ಎಲ್‌ಪಿಯ ಸಣ್ಣ ಸೂಜಿ ಗೀರಿನ ತಳ ಕೆರೆದು ಗರಗರ ಹೆಚ್ಚಿಸುತ್ತದೆ.